ನಿಮಗಿದು ಗೊತ್ತೇ? ಮೈಮುಚ್ಚಿದ ಗಾಡಿಯೋ, ಮೈಬಿಟ್ಟ ಗಾಡಿಯೋ?

ಕಬ್ಬಿನ ಬಿಲ್ಲು ಕೈಗೆ ಬರುವ ಹೊತ್ತಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಎಷ್ಟೋ ಮನೆಗಳಲ್ಲಿ ಒಂದೇ ವಾದ. ಮಗನಿಗೆ ಮೈತುಂಬ ಫೇರಿಂಗ್ ಎಂಬ ಕವಚ ತೊಟ್ಟ ಸ್ಪೋರ್ಟ್ಸ್ ಬೈಕ್ ಬೇಕು. ಅಪ್ಪನದು ಒಂದೇ ಪ್ರಶ್ನೆ: ‘ಹಾಲಿನ ಕ್ಯಾನ್ ಎಲ್ಲಿ ಕಟ್ಟತಿ?’ ಕೊನೆಗೆ ಇಬ್ಬರೂ ಅರೆಮನಸ್ಸಿನಿಂದ ನೋಡುವುದು ಎಂಜಿನ್ ಹೊರಗೆ ಕಾಣುವ ನೇಕೆಡ್ ಬೈಕನ್ನು. ಶೋರೂಮಿನ ಮೆಟ್ಟಿಲು ಹತ್ತುವ ಮುನ್ನ ಇಷ್ಟು ಓದಿಕೊಳ್ಳಿ.

● ಜಗಳವಾಡುವ ಈ ಎರಡು ಗಾಡಿಗಳು ಹೆಚ್ಚಾಗಿ ಒಡಹುಟ್ಟಿದವು. ಯಮಹಾ ಆರ್15 ಮತ್ತು ಎಂಟಿ-15, ಎರಡರಲ್ಲೂ ಇರುವುದು 155 ಸಿಸಿಯ ಒಂದೇ ಎಂಜಿನ್. ಪಲ್ಸರ್ ಆರ್‌ಎಸ್200 ಮತ್ತು ಎನ್‌ಎಸ್200ಗೆ 199.5 ಸಿಸಿಯದು. ಸುಜುಕಿ ಜಿಕ್ಸರ್ 250ಕ್ಕೆ ಫೇರಿಂಗ್ ತೊಡಿಸಿದರೆ ಎಸ್‌ಎಫ್ 250. ತೂಕದಲ್ಲಿ ಸುಮಾರು 5 ಕೆ.ಜಿ. ಹೆಚ್ಚು, ಅಷ್ಟೆ.

● ನಮ್ಮ ರಾಜ್ಯದ ಗಡಿಗೆ ಹೊಂದಿಕೊಂಡ ಹೊಸೂರಿನಲ್ಲಿ ಟಿವಿಎಸ್ ತಯಾರಿಸುವ ಅಪಾಚೆ ಆರ್‌ಆರ್ 310 ಮೈಮುಚ್ಚಿಕೊಂಡು 2017ರ ಡಿಸೆಂಬರಿನಲ್ಲಿ ಬಂತು. ಅದೇ 312.2 ಸಿಸಿ ಎಂಜಿನ್ 2023ರ ಸೆಪ್ಟೆಂಬರಿನಲ್ಲಿ ಆರ್‌ಟಿಆರ್ 310 ಎಂಬ ಹೆಸರಿನಲ್ಲಿ ಮೈಬಿಟ್ಟು ಬಂತು. ಬಿಎಂಡಬ್ಲ್ಯು ಜಿ 310 ಆರ್ ಹುಟ್ಟಿದ್ದೂ ಅದೇ ಊರಲ್ಲೇ. ಈ ಎಂಜಿನ್ ಕೂತಿರುವ ರೀತಿ ತಿರುಗುಮುರುಗು: ಗಾಳಿ ಎಳೆದುಕೊಳ್ಳುವುದು ಮುಂದಿನಿಂದ, ಹೊಗೆ ಬಿಡುವುದು ಹಿಂದಿನಿಂದ.

● ‘ನೇಕೆಡ್’ ಎಂಬ ಹೆಸರು ಫೇರಿಂಗ್ ಬಂದ ಮೇಲಿನದು. ಅದಕ್ಕೂ ಮೊದಲು ಎಲ್ಲವೂ ಬರೀ ಗಾಡಿಗಳೇ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಿದ್ದ ಜಾವಾ, ಯೆಜ್ಡಿಗಳಿಗೆ ಯಾರೂ ಬತ್ತಲೆ ಎನ್ನಲಿಲ್ಲ. 98 ಸಿಸಿಯ ಯಮಹಾ ಆರ್‌ಎಕ್ಸ್ 100 ತಯಾರಾದದ್ದು 1985ರಿಂದ 1996ರವರೆಗೆ ಮಾತ್ರ. ಇವತ್ತಿಗೂ ಅದರ ಸದ್ದು ಕೇಳಿದರೆ ಹಿರಿಯರು ಕಟ್ಟೆಯಿಂದ ಕತ್ತು ತಿರುಗಿಸುತ್ತಾರೆ. ಅದಕ್ಕೂ ಫೇರಿಂಗ್ ಇರಲಿಲ್ಲ.

● ಇನ್ನು ಗಾಳಿಯ ಲೆಕ್ಕ. ಇದೇ ಈ ಇಡೀ ವಾದದ ಹೂರಣ, ನಿಧಾನವಾಗಿ ಓದಿ. ವೇಗ ಎರಡು ಪಟ್ಟಾದರೆ ಗಾಳಿ ಎದುರೊಡ್ಡುವ ಬಲ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಿ ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಗಂಟೆಗೆ 40 ಕಿ.ಮೀ.ನಲ್ಲಿ ಮುಖಕ್ಕೆ ಹಿತವಾಗಿ ತಾಗುವ ಗಾಳಿ 80ರಲ್ಲಿ ಎದೆಗೆ ಕೈಯಿಟ್ಟು ತಳ್ಳುತ್ತದೆ, 120ರಲ್ಲಿ ಕತ್ತನ್ನೇ ಹಿಂದಕ್ಕೆ ಎಳೆಯುತ್ತದೆ. ಫೇರಿಂಗ್ ತನ್ನ ಸಂಬಳಕ್ಕೆ ತಕ್ಕ ಕೆಲಸ ಶುರುಮಾಡುವುದು 80ರ ಹತ್ತಿರ ಬಂದ ಮೇಲೆಯೇ. ಅದಕ್ಕಿಂತ ಕೆಳಗೆ ಅದು ಹೆಚ್ಚುಕಡಿಮೆ ಅಲಂಕಾರ.

● ಆದರೆ ಕಾನೂನು ಏನು ಹೇಳುತ್ತದೆ? ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶದಂತೆ ನಡುವೆ ವಿಭಜಕವಿರುವ ಚತುಷ್ಪಥದಲ್ಲಿ ದ್ವಿಚಕ್ರ ವಾಹನದ ಗರಿಷ್ಠ ಮಿತಿ 80, ಉಳಿದ ರಸ್ತೆಗಳಲ್ಲಿ 60. ನಿಪ್ಪಾಣಿ ಮೇಲೆ ಹಾಯುವ ಪುಣೆ–ಬೆಂಗಳೂರು ಹೆದ್ದಾರಿ 48ನ್ನು ಬಿಟ್ಟರೆ ನಮ್ಮ ಐದೂ ತಾಲ್ಲೂಕುಗಳ ಓಡಾಟ ಬಹುಪಾಲು 60ರ ರಸ್ತೆಯಲ್ಲೇ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ 20.

● ಫೇರಿಂಗ್ ಹುಟ್ಟಿದ್ದು ರೇಸಿನ ಮೈದಾನದಲ್ಲಿ. ಇಟಲಿಯ ಮೋಟೊ ಗುಝಿ ಕಂಪನಿ 1950ರಲ್ಲೇ ಗಾಡಿಗಳಿಗಾಗಿ ಗಾಳಿ ಸುರಂಗ ಕಟ್ಟಿಸಿತು. ಮುಂಗಾಲಿಯನ್ನೂ ಪೂರ್ತಿ ಮುಚ್ಚುವ, ಕಸದ ಡಬ್ಬಿಯಂಥ ಕವಚಗಳು ಆಗ ಬಂದವು. ಅಡ್ಡಗಾಳಿ ಬೀಸಿದರೆ ಗಾಡಿ ಹಾಯಿದೋಣಿಯಂತೆ ಪಕ್ಕಕ್ಕೆ ಸರಿಯುತ್ತಿತ್ತು. 1957ರ ಹಂಗಾಮು ಮುಗಿದ ಮೇಲೆ ಅವುಗಳಿಗೆ ನಿಷೇಧ ಬಿತ್ತು. ಇಂದಿನ ಕವಚ ಅಷ್ಟು ದೊಡ್ಡದಲ್ಲ. ಆದರೂ ಮಳೆಗಾಲದಲ್ಲಿ ತವಂದಿ ಘಾಟಿನಲ್ಲಿ ಲಾರಿಯೊಂದನ್ನು ಹಿಂದಿಕ್ಕಿದ ಕ್ಷಣ ಪಕ್ಕದಿಂದ ಗಾಳಿ ಬಡಿದರೆ ಅದರ ಅಗಲ ಮೈಗೆ ಅರಿವಾಗುತ್ತದೆ.

● ಗಾಳಿ ಸುರಂಗದಲ್ಲಿ ರೂಪಿಸಿದ ಪೂರ್ತಿ ಫೇರಿಂಗನ್ನು ಸಾಮಾನ್ಯ ಗಿರಾಕಿಗೂ ಮಾರಿದ ಮೊದಲ ಗಾಡಿ 1976ರ ಬಿಎಂಡಬ್ಲ್ಯು ಆರ್100ಆರ್‌ಎಸ್.

● ಮತ್ತೆ ಮೈಬಿಟ್ಟ ಗಾಡಿ ಫ್ಯಾಷನ್ ಆದದ್ದು ಹೇಗೆ? ಬಿದ್ದು ಏಳುವವರಿಂದ! ಯುರೋಪಿನ ಹುಡುಗರು ಸ್ಪೋರ್ಟ್ಸ್ ಬೈಕ್ ಬೀಳಿಸಿಕೊಂಡಾಗ ಒಡೆದ ಫೇರಿಂಗಿಗೆ ದುಡ್ಡು ಸುರಿಯಲಾರದೆ ಅದನ್ನು ಕಿತ್ತೆಸೆದು, ಅಗಲ ಹ್ಯಾಂಡಲ್ ಹಾಕಿ ಓಡಿಸತೊಡಗಿದರು. ಅದಕ್ಕೇ ‘ಸ್ಟ್ರೀಟ್‌ಫೈಟರ್’ ಎಂಬ ಹೆಸರು. 1993ರಲ್ಲಿ ಡುಕಾಟಿ ಮಾನ್‌ಸ್ಟರ್ ಆ ಹುಡುಗರ ರುಚಿಯನ್ನೇ ಶೋರೂಮಿಗೆ ತಂದಿತು.

● ಆ ಹುಡುಗರ ಸಂಕಟ ನಮ್ಮ ವಿಮಾ ಪಾಲಿಸಿಯಲ್ಲೂ ಇದೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ 50% ಸವಕಳಿ ಹಿಡಿಯುತ್ತಾರೆ, ಗಾಡಿ ಹೊಸದಾಗಿದ್ದರೂ ಸರಿ. ಅಂದರೆ ಅಂಗಳದಲ್ಲಿ ಸ್ಟ್ಯಾಂಡಿನಿಂದ ಜಾರಿ ಬಿದ್ದು ಎಡಗಡೆಯ ಪ್ಯಾನೆಲ್ ಸೀಳಿದರೆ ಅದರ ಅರ್ಧ ಬೆಲೆ ನಿಮ್ಮ ಜೇಬಿನಿಂದಲೇ. ಝೀರೋ ಡೆಪ್ ಎಂಬ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಮಾತು ಬೇರೆ. ಥರ್ಡ್ ಪಾರ್ಟಿ ಕಂತು ಮಾತ್ರ ಎರಡೂ ಬಗೆಯ ಗಾಡಿಗೆ ಒಂದೇ. ಅದನ್ನು ಸಿಸಿ ನೋಡಿ ಹಾಕುತ್ತಾರೆ, ವೇಷ ನೋಡಿ ಅಲ್ಲ.

● ಹ್ಯಾಂಡಲ್ ತಿರುಗಿಸಿದಾಗ ಹೆಡ್‌ಲೈಟ್ ಎತ್ತ ನೋಡುತ್ತದೆ? ಶೋರೂಮಿನಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಫೇರಿಂಗ್ ಗಾಡಿಯಲ್ಲಿ ದೀಪ ಚೌಕಟ್ಟಿಗೆ ಬಿಗಿದಿರುತ್ತದೆ, ಹ್ಯಾಂಡಲ್ ತಿರುಗಿದರೂ ಅದು ನೆಟ್ಟಗೆ ನೋಡುತ್ತದೆ. ನೇಕೆಡ್ ಗಾಡಿಗಳಲ್ಲಿ ಸಾಮಾನ್ಯವಾಗಿ ದೀಪ ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ರಾತ್ರಿ ನೀರು ಬಿಡಲು ಹೊಲಕ್ಕೆ ಹೋಗುವವರಿಗೆ ಆಳೆತ್ತರದ ಕಬ್ಬಿನ ನಡುವಿನ ದಾರಿಯಲ್ಲಿ ಚಕ್ಕನೆ ತಿರುಗುವಾಗ ಈ ವ್ಯತ್ಯಾಸ ಸಣ್ಣದಲ್ಲ.

● ಸ್ಪೋರ್ಟ್ಸ್ ಬೈಕಿನ ಗಿಡ್ಡ ಕ್ಲಿಪ್-ಆನ್ ಹ್ಯಾಂಡಲ್ ಕಡಿಮೆ ತಿರುಗುತ್ತದೆ. ಸಂತೆಯ ದಿನ ಒಂದೇ ಸಲಕ್ಕೆ ಗಾಡಿ ತಿರುಗಿಸಿಕೊಳ್ಳುವುದು ಕನಸು.

● ಬಗ್ಗಿ ಕೂತರೆ ಮಣಿಕಟ್ಟು ನೋಯುವುದೇಕೆ? ವೇಗದಲ್ಲಿ ಎದೆಗೆ ಬಡಿಯುವ ಗಾಳಿ ಮೈಭಾರವನ್ನು ಒಂದಿಷ್ಟು ಹೊರುತ್ತದೆ. 30–40ರಲ್ಲಿ ಆ ಗಾಳಿ ಇಲ್ಲ, ಭಾರವೆಲ್ಲ ಅಂಗೈ ಮೇಲೆ. ರೇಸಿಗೆಂದು ಹುಟ್ಟಿದ ಭಂಗಿ ಊರಿನ ರಸ್ತೆಯಲ್ಲೇ ಹೆಚ್ಚು ಕಾಡುವುದು ಇದಕ್ಕೆ.

● ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಗಾಲಿಯ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು. ನಮ್ಮ ಭಾಷೆಯಲ್ಲಿ ಸೀರೆ ಗಾರ್ಡ್. ಅಂದ ಕೆಡುತ್ತದೆಂದು ಮೊದಲ ವಾರವೇ ಅದನ್ನು ಬಿಚ್ಚಿಸುವ ಹುಡುಗರಿದ್ದಾರೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಅವ್ವನನ್ನು ಕೂರಿಸಿಕೊಂಡು ಹೊರಡುವ ದಿನ ಅದರ ಬೆಲೆ ತಿಳಿಯುತ್ತದೆ.

● ಅಥಣಿಯ ಕುಶಲಕರ್ಮಿಗಳೂ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಬೆಳಗಾವಿ ಜಿಲ್ಲೆಯೂ ಆ ಪಟ್ಟಿಯಲ್ಲಿದೆ. ಹೆಮ್ಮೆಯ ವಸ್ತು, ಆದರೆ ಕಾಲ್ಬೆರಳ ತುದಿಯಿಂದ ಎತ್ತಿ ಹಾಕುವ ಗೇರಿಗೆ ಅದು ಹೊಂದುವುದಿಲ್ಲ. ಗಾಡಿ ಯಾವುದೇ ಇರಲಿ, ಬೂಟು ಹಾಕಿ.

● ಕಾಗವಾಡದಿಂದ ಮಿರಜ, ನಿಪ್ಪಾಣಿಯಿಂದ ಕೊಲ್ಹಾಪುರ ಕೂಗಳತೆಯಲ್ಲಿವೆ. ಅಲ್ಲಿ ತೆರಿಗೆ ಕಮ್ಮಿ ಎಂಬ ಮಾತು ನಿಜ. 1 ಲಕ್ಷ ದಾಟಿದ ಬೈಕಿಗೆ ಕರ್ನಾಟಕದಲ್ಲಿ ಬೆಲೆಯ 18%, ಮೇಲೆ ಸೆಸ್. ಮಹಾರಾಷ್ಟ್ರದಲ್ಲಿ 299 ಸಿಸಿವರೆಗಿನ ಇಂಥ ಗಾಡಿಗೆ 11%. ಆದರೆ ಮೋಟಾರು ವಾಹನ ಕಾಯ್ದೆಯ 40ನೇ ಕಲಮಿನಂತೆ ನೀವು ವಾಸಿಸುವ ಅಥವಾ ಗಾಡಿ ಇರುವ ಕಡೆಯೇ ನೋಂದಣಿ. ಹೊರರಾಜ್ಯದ ಗಾಡಿ 12 ತಿಂಗಳು ಮೀರಿ ಇಲ್ಲಿದ್ದರೆ 47ನೇ ಕಲಮು ಹೊಸ ನಂಬರ್ ಕೇಳುತ್ತದೆ. ಕೊಲ್ಹಾಪುರದ ಎಂಎಚ್-09 ಉಳಿಸಿದ ದುಡ್ಡು ಚಿಕ್ಕೋಡಿಯ ಕೆಎ-23ರ ಬಾಗಿಲಲ್ಲಿ ಕರಗಬಹುದು.

● 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ, ಅದಕ್ಕೂ ಮೇಲಿನವಕ್ಕೆ 40. ಮೇಲೆ ಹೇಳಿದ ನಮ್ಮ ಮಾರುಕಟ್ಟೆಯ ಜೋಡಿಗಳೆಲ್ಲ 350ರ ಒಳಗಿನವು.

● ಎರಿ ಮಣ್ಣು ಮಳೆಯಲ್ಲಿ ಹೇಗೆ ಅಂಟುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ನೇಕೆಡ್ ಗಾಡಿಗೆ ಪೈಪು ಹಿಡಿದರೆ ಮುಗಿಯಿತು. ಫೇರಿಂಗ್ ಒಳಗೆ ಕೂತ ಕೆಸರು ತೆಗೆಯಲು ಪ್ಯಾನೆಲ್ ಬಿಚ್ಚಬೇಕು. ಮೇ ತಿಂಗಳಲ್ಲಿ ರೇಡಿಯೇಟರಿನ ಬಿಸಿ ಮೊಣಕಾಲಿಗೆ, ಅದು ಬೇರೆ.

ಹಾಗಾದರೆ ಯಾವುದು? ವಾರಕ್ಕೊಮ್ಮೆ ನಿಪ್ಪಾಣಿಯಿಂದ ಪುಣೆಗೋ ಹುಬ್ಬಳ್ಳಿಗೋ ಹೆದ್ದಾರಿ ಹಿಡಿಯುವವರಿಗೆ ಫೇರಿಂಗ್ ದಂಡವಲ್ಲ. ತಾಸುಗಟ್ಟಲೆ ಎದೆಗೆ ಬೀಳುವ ಗಾಳಿ ತಪ್ಪಿದರೆ ದಣಿವು ಕಡಿಮೆ. ಉಳಿದವರಿಗೆ, ಅಂದರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ, ನನ್ನ ಓಟು ನೇಕೆಡ್ ಗಾಡಿಗೇ. ಟೆಸ್ಟ್ ರೈಡಿಗೆ ಹೋಗುವಾಗ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ, ಇಬ್ಬರಿಗೂ ಹೆಲ್ಮೆಟ್ ಒಯ್ಯಿರಿ. ಹಾಲಿನ ಕ್ಯಾನಿನ ಪ್ರಶ್ನೆಗೆ ಮಾತ್ರ ಎರಡರಲ್ಲೂ ಉತ್ತರವಿಲ್ಲ. ಅಪ್ಪನ ಹಳೇ ಗಾಡಿಯನ್ನು ಮಾರಬೇಡಿ.