ಬೆಂಗಳೂರಿನಿಂದ ಜಿದ್ದಾ: ಟಿಕೆಟಿನ ಗಂಟೆ ಮತ್ತು ಇಫ್ತಾರಿನ ಹೊತ್ತು

ರಮಝಾನಿನಲ್ಲಿ ಉಮ್ರಾಕ್ಕೆ ಹೊರಟವರ ಟಿಕೆಟನ್ನು ಒಮ್ಮೆ ನೋಡಿ. ಬೆಂಗಳೂರಿನಿಂದ ಸಂಜೆ 4ಕ್ಕೆ ಹೊರಟ ವಿಮಾನ 7:30ಕ್ಕೆ ಜಿದ್ದಾ ತಲುಪುತ್ತದೆ ಎಂದಿದ್ದರೆ ಪ್ರಯಾಣ ಮೂರೂವರೆ ಗಂಟೆ ಎಂದು ಭಾವಿಸಬೇಡಿ. ಹೊರಡುವ ಹೊತ್ತು ಭಾರತದ್ದು, ತಲುಪುವ ಹೊತ್ತು ಸೌದಿಯದ್ದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿದೆ. ಆದ್ದರಿಂದ ಕೂರಬೇಕಾದದ್ದು ಆರು ಗಂಟೆ. ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 4,200 ಕಿ.ಮೀ.

ಉಪವಾಸಿಗರಿಗೆ ಮುಖ್ಯವಾದದ್ದು ಇದರ ಮುಂದಿನ ವಿಷಯ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಜಿದ್ದಾ ನಮಗಿಂತ ಸುಮಾರು 38 ಡಿಗ್ರಿ ಪಶ್ಚಿಮಕ್ಕಿದೆ. ವಿಮಾನವೂ ಸೂರ್ಯನ ಹಿಂದೆಯೇ ಹೋಗುತ್ತದೆ, ಆದರೆ ಅದರ ವೇಗ ಸಾಲದು. ಈ ದಾರಿಯಲ್ಲಿ ಹಗಲು ಪಶ್ಚಿಮಕ್ಕೆ ಸರಿಯುವ ವೇಗ ಗಂಟೆಗೆ ಸುಮಾರು 1,600 ಕಿ.ಮೀ., ವಿಮಾನದ್ದು ಹೆಚ್ಚುಕಡಿಮೆ 850. ಹೀಗಾಗಿ ಸೂರ್ಯ ಮುಳುಗುವುದು ನಿಧಾನ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಮಸೀದಿಯಲ್ಲಿ 6:30ರ ಹೊತ್ತಿಗೆ ಮಗ್ರಿಬ್ ಬಾಂಗ್ ಆದಾಗ ನೀವು ಅರಬ್ಬಿ ಸಮುದ್ರದ ಮೇಲಿರುತ್ತೀರಿ, ಕಿಟಕಿಯಲ್ಲಿ ಬಿಸಿಲಿರುತ್ತದೆ. ಅದು ಮುಳುಗುವಾಗ ಕೈಗಡಿಯಾರದಲ್ಲಿ ಭಾರತದ ಸಮಯ 8:30 ದಾಟಿರುತ್ತದೆ.

ಎತ್ತರವೂ ಕೆಲವು ನಿಮಿಷ ಸೇರಿಸುತ್ತದೆ. 2011ರಲ್ಲಿ ದುಬೈಯ ಬುರ್ಜ್ ಖಲೀಫಾದ ಮೇಲಿನ ಮಹಡಿಗಳವರು ಎರಡು-ಮೂರು ನಿಮಿಷ ತಡವಾಗಿ ಇಫ್ತಾರ್ ಮಾಡಬೇಕೆಂದು ಅಲ್ಲಿನ ಉಲಮಾಗಳು ಹೇಳಿದ್ದರು. ವಿಮಾನವಂತೂ ಹತ್ತು ಕಿ.ಮೀ. ಎತ್ತರದಲ್ಲಿರುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಊರಿನ ಬಾಂಗ್ ಮೊಳಗಿತೆಂದು ಖರ್ಜೂರ ಬಾಯಿಗಿಡಬೇಡಿ, ಕಿಟಕಿಯ ಬಳಿ ಕೂತವರನ್ನು ಕೇಳಿ. ನೆಲದಲ್ಲೇ ಸೂರ್ಯಾಸ್ತವಾಗಿ ಇಫ್ತಾರ್ ಮಾಡಿ ವಿಮಾನ ಹತ್ತಿದವರಿಗೆ ಮೇಲೇರಿದಾಗ ಸೂರ್ಯ ಮತ್ತೆ ಕಂಡರೆ ಗಾಬರಿ ಬೇಡ, ಆ ಉಪವಾಸ ಪೂರ್ಣವಾಗಿದೆ ಎಂದು ವಿದ್ವಾಂಸರು ಹೇಳಿದ್ದಾರೆ. ಎರಡು ಗಂಟೆ ಹೆಚ್ಚು ಹಸಿದಿರಲು ಆಗದ ವೃದ್ಧರಿಗೂ ಮಧುಮೇಹಿಗಳಿಗೂ ಪ್ರಯಾಣಿಕರಿಗಿರುವ ರಿಯಾಯಿತಿ ಇದ್ದೇ ಇದೆ. ಬಿಟ್ಟದ್ದನ್ನು ಬಳಿಕ ಪೂರೈಸಬಹುದು. ಆ ರಿಯಾಯಿತಿಯನ್ನು ಪಡೆಯಲು ನಮ್ಮ ಹಿರಿಯರು ಯಾಕೋ ನಾಚಿಕೊಳ್ಳುತ್ತಾರೆ!

ಇದೇ ವೇಗ ಇಹ್ರಾಮಿನ ವಿಷಯದಲ್ಲೂ ನೆನಪಿರಲಿ. ಜಿದ್ದಾಕ್ಕೆ ಇಳಿಯುವ ಮುನ್ನ ವಿಮಾನ ಮೀಖಾತನ್ನು ಆಕಾಶದಲ್ಲೇ ದಾಟುತ್ತದೆ. ನಿಮಿಷಕ್ಕೆ 14 ಕಿ.ಮೀ. ಓಟ. ಹತ್ತು ನಿಮಿಷ ತೂಕಡಿಸಿದರೆ 140 ಕಿ.ಮೀ. ಕಳೆದಿರುತ್ತದೆ. ಸಿಬ್ಬಂದಿ ಮೊದಲೇ ಘೋಷಿಸುವುದುಂಟು, ಆದರೆ ಘೋಷಣೆಯಾದ ಮೇಲೆ ಶೌಚಾಲಯದ ಮುಂದೆ ಸಾಲು ನಿಲ್ಲುತ್ತದೆ. ಗಂಡಸರು ಬೆಂಗಳೂರಿನಲ್ಲೇ ಇಹ್ರಾಮಿನ ಬಟ್ಟೆ ಉಟ್ಟು, ನಿಯ್ಯತ್ ಮಾತ್ರ ಮೀಖಾತ್ ಸಮೀಪಿಸುವಾಗ ಮಾಡಿದರೆ ಸುಲಭ. ಅಲ್ಲಿ ಉಡುವುದಾದರೆ ಬಟ್ಟೆ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಿದ ಪೆಟ್ಟಿಗೆ ಜಿದ್ದಾದಲ್ಲೇ ಸಿಗುವುದು.