ತರಗು ಬೆಂಕಿಯ ತೀರ್ಮಾನ ಯಾರದು?

ಫೆಬ್ರುವರಿ ಬಂತೆಂದರೆ ಪತ್ರಿಕೆಗಳಲ್ಲಿ ಕಾಡ್ಗಿಚ್ಚಿನ ಸುದ್ದಿ ಶುರು. ಅದರ ಬೆನ್ನಿಗೇ ‘ಬೆಂಕಿ ಇಟ್ಟವರು ಯಾರು’ ಎಂಬ ಚರ್ಚೆ. ಓದುಗರೊಬ್ಬರು ನೇರವಾಗಿಯೇ ಕೇಳಿದ್ದಾರೆ: “ಕಾಡು ಉಳೀಬೇಕಾದ್ರೆ ಕಾಡಿನ ಜನರ ಕೈಗೆ ಕೊಡಿ ಅಂತ ನೀವೆಲ್ಲ ಬರೀತೀರಿ. ಬೆಂಕಿ ಹಾಕೋ ರೂಢಿ ಇರೋದೂ ಅವರಿಗೇ ಅಲ್ವಾ?”

ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದನ್ನು ಯಾವತ್ತೂ ಮುಚ್ಚಿಟ್ಟವರಲ್ಲ. ಅದಕ್ಕೆ ಅವರು ‘ತರಗು ಬೆಂಕಿ’ ಎನ್ನುತ್ತಾರೆ. ಹಾಕುವ ಕಾಲ ಜನವರಿ, ಫೆಬ್ರುವರಿ. ಆಗ ಹುಲ್ಲಿನ ತುದಿ ಒಣಗಿದ್ದರೂ ಬುಡದಲ್ಲಿ ಹಸಿ ಇರುತ್ತದೆ, ಬೆಳಗಿನ ಇಬ್ಬನಿ ಇನ್ನೂ ಬೀಳುತ್ತಿರುತ್ತದೆ. ಆ ಹೊತ್ತಿನ ಬೆಂಕಿ ಮೊಣಕಾಲೆತ್ತರ ದಾಟದೆ ಉದುರಿದೆಲೆಯನ್ನು ತಿಂದುಕೊಂಡು ಸಾಗುತ್ತದೆ. ದಪ್ಪ ತೊಗಟೆಯ ಮರಗಳಿಗೆ ಅದು ನಾಟುವುದೇ ಇಲ್ಲ. ಮಳೆ ಬಿದ್ದ ಮೇಲೆ ಎಳೆಹುಲ್ಲು, ಅದನ್ನು ಮೇಯಲು ಜಿಂಕೆ, ಕಾಟಿ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಒಳಗಾಡಿನ ಸೋಲಿಗರನ್ನು ಪೋಡು ಎಂಬ ಹಾಡಿಗಳಿಗೆ ತಂದು ಕೂರಿಸಿದರು. ಅವರ ಬೇಟೆ, ಅಲೆಮಾರಿ ಬೇಸಾಯ, ಬೆಂಕಿ ಮೂರಕ್ಕೂ ನಿಷೇಧ ಬಿತ್ತು.

ಎಲೆ ಉದುರುವ ಕಾಡಿನಲ್ಲಿ ತರಗೆಂಬುದು ಸಾಲದ ಬಾಬತ್ತು. ವರ್ಷವರ್ಷವೂ ಬಡ್ಡಿ ಕಟ್ಟುತ್ತ ಬಂದರೆ ಸಾಹುಕಾರ ಸುಮ್ಮನಿರುತ್ತಾನೆ. ಕಟ್ಟದೆ ಬಿಟ್ಟರೆ ಬಡ್ಡಿ ಅಸಲಿಗೆ ಸೇರಿ ಚಕ್ರಬಡ್ಡಿಯಾಗುತ್ತದೆ. ಐದಾರು ವರ್ಷ ‘ನಮ್ಮ ಕಾಡಿಗೆ ಬೆಂಕಿಯೇ ಬಿದ್ದಿಲ್ಲ’ ಎಂದು ಎದೆ ತಟ್ಟಿಕೊಂಡವರ ಮನೆಗೆ, ಒಂದು ಬಿರುಬೇಸಿಗೆಯ ಏಪ್ರಿಲ್ಲಿನಲ್ಲಿ ಯಾರೋ ಎಸೆದ ಬೀಡಿಯ ನೆಪದಲ್ಲಿ ಜಪ್ತಿ ಬರುತ್ತದೆ. ಆಗ ಹೋಗುವುದು ತರಗಷ್ಟೇ ಅಲ್ಲ, ಮನೆಯ ಜಂತಿಯೂ ಹೋಗುತ್ತದೆ.

ಇನ್ನು ಲಂಟಾನದ ಕಥೆ. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಅಂದದ ಹೂವಿಗೆಂದು ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದ ಈ ಪೊದೆ ದೇಶವನ್ನೇ ಹಬ್ಬಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ ಒಂದು ಊಹೆ ಮುಂದಿಟ್ಟರು: ಬೆಂಕಿ ಬಿದ್ದಲ್ಲಿ ಲಂಟಾನ ನುಗ್ಗುತ್ತದೆ, ಲಂಟಾನ ಇದ್ದಲ್ಲಿ ಬೆಂಕಿ ಜೋರಾಗುತ್ತದೆ, ಇದೊಂದು ವಿಷಚಕ್ರ. ಕೇಳಲು ಸರಿಯಾಗಿಯೇ ಇತ್ತು. ಬೆಟ್ಟದ ಸೋಲಿಗರು ಮಾತ್ರ ತದ್ವಿರುದ್ಧ ಹೇಳುತ್ತಿದ್ದರು: ಬೆಂಕಿ ನಿಂತ ಮೇಲೇ ಲಂಟಾನ ಬೆಳೆದದ್ದು. 1997ರಲ್ಲಿ ಅಳೆದಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಸಿಕ್ಕ ಜಾಗಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಬೆಂಕಿ ಹೆಚ್ಚು ಕಂಡಲ್ಲೇ ಲಂಟಾನವೂ ಹೆಚ್ಚಿರಬೇಕೆಂಬ ನಿರೀಕ್ಷೆಗೆ ಅಂಕಿಗಳು ಒತ್ತಾಸೆಯಾಗಲಿಲ್ಲ. ಆ ಸಂಶೋಧಕರು ಊಹೆಗೆ ಜೋತುಬೀಳದೆ, 2012ರಲ್ಲಿ ಸೋಲಿಗರ ವಿವರಣೆಯನ್ನೇ ಮುಂದಿಟ್ಟು ಪ್ರಬಂಧ ಬರೆದರು. ನನಗೆ ಈ ಇಡೀ ಕಥೆಯಲ್ಲಿ ಹಿಡಿಸಿದ್ದು ಇದೇ.

ನೆಲ್ಲಿಯ ವಿಷಯದಲ್ಲೂ ಹೀಗೇ ಆಯಿತು. ಬೆಟ್ಟದ ನೆಲ್ಲಿ ಮರಗಳು ಸೊರಗುತ್ತಿದ್ದವು. ಕಾಯಿ ಕೀಳುವ ಸೋಲಿಗರ ಮೇಲೆ ಅನುಮಾನ ಬರುವುದು ಸಹಜ. ಅವರು ಬೆಟ್ಟು ಮಾಡಿದ್ದು ಕೊಂಬೆಗಳ ಮೇಲಿನ ಬಂದಳಿಕೆಯತ್ತ, ಅವರ ಮಾತಿನ ‘ಉಪ್ಪಿಲು’. ಹಕ್ಕಿಗಳು ಅದರ ಹಣ್ಣು ತಿಂದು ಅಂಟಂಟಾದ ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತವೆ. ಬೀಜ ಮೊಳೆತು ತೊಗಟೆಯೊಳಗೆ ಬೇರಿಳಿಸಿ ಮರದ ನೀರು ಕುಡಿಯುತ್ತದೆ. ತರಗು ಬೆಂಕಿಯ ಕಾವು ಇದನ್ನು ಹದ್ದುಬಸ್ತಿನಲ್ಲಿಡುತ್ತಿತ್ತು ಎಂಬುದು ಸೋಲಿಗರ ವಾದ. ಹಲವು ವರ್ಷ ಮರಗಳ ಲೆಕ್ಕವಿಟ್ಟವರು ಕಂಡುಕೊಂಡದ್ದೂ ಅದಕ್ಕೆ ಹತ್ತಿರವೇ: ಕಾಯಿ ಕಿತ್ತಿದ್ದರಿಂದ ಆದ ನಷ್ಟಕ್ಕಿಂತ ಬಂದಳಿಕೆ, ಲಂಟಾನಗಳಿಂದಾದ ನಷ್ಟ ದೊಡ್ಡದು. ಸೋಲಿಗರೇ ಆದ ಸಂಶೋಧಕ ಸಿ. ಮಾದೇಗೌಡರು 2009ರಲ್ಲೇ ಈ ಬೆಂಕಿಯ ಪರವಾಗಿ ಬರೆದಿದ್ದರು.

ಹಾಗೆಂದು ನಾಳೆಯೇ ಕಡ್ಡಿ ಗೀರಬಹುದೇ? ಖಂಡಿತ ಬೇಡ. ಹಿಂದಿನ ತರಗು ಬೆಂಕಿ ಹುಲ್ಲುಗಾವಲಿನಂಥ ಕಾಡಿಗೆ ಹೊಂದಿದ್ದು. ಈಗ ಆಳೆತ್ತರದ ಲಂಟಾನ ಮರಗಳಿಗೆ ಏಣಿ ಹಾಕಿ ನಿಂತಿದೆ. ಮೊದಲು ಅದನ್ನು ಬುಡಸಮೇತ ಕೀಳಬೇಕು, ಆಮೇಲೆ ಬೆಂಕಿಯ ಮಾತು. ‘ಕಾಡಿನವರಿಗೆ ಎಲ್ಲ ಗೊತ್ತು’ ಎಂದು ಕಣ್ಣು ಮುಚ್ಚಿ ಹಾಡುವವರೂ ಸ್ವಲ್ಪ ತಡೆಯಬೇಕು. ಬೆಟ್ಟದ ಹುಲಿಗಳು 2010ರ 35ರಿಂದ 2014ಕ್ಕೆ 68 ಆದವೆಂಬ ಅಂಕಿಯನ್ನು ಸೋಲಿಗರ ಹಕ್ಕಿನ ಖಾತೆಗೇ ಬರೆದವರಿದ್ದಾರೆ. ಹುಲಿ ಹೆಚ್ಚಲು ಬಲಿಪ್ರಾಣಿ, ಕಾವಲು, ಕಳ್ಳಬೇಟೆಗೆ ತಡೆ ಎಂದು ಹತ್ತು ಕಾರಣಗಳಿರುತ್ತವೆ. ಸೋಲಿಗರಿದ್ದೂ ಹುಲಿ ಹೆಚ್ಚಿತು ಎನ್ನಬಹುದು. ಸೋಲಿಗರಿಂದಲೇ ಹೆಚ್ಚಿತು ಎನ್ನಲು ಆ ಅಂಕಿ ಸಾಲದು.

ಬೆಂಕಿಯನ್ನು ಶತ್ರುವೆಂದೇ ಬಗೆಯುವುದು ನಮಗೆ ಬ್ರಿಟಿಷರ ಕಾಲದ ಅರಣ್ಯ ಇಲಾಖೆಯಿಂದ ಬಂದ ಬಳುವಳಿ. ಅವರೂ ಪಾಠ ಕಲಿಯದೆ ಇರಲಿಲ್ಲ. ಬಂಗಾಳ, ಅಸ್ಸಾಮಿನ ಸಾಲ ವೃಕ್ಷದ ಕಾಡುಗಳಲ್ಲಿ ಬೆಂಕಿ ತಡೆದಾಗ ಸಸಿಗಳೇ ಏಳದೆ ಹೋಗಿ, ಅಧಿಕಾರಿಗಳೇ ಲೆಕ್ಕಾಚಾರದ ಬೆಂಕಿಗೆ ಮರಳಿದ್ದರು. ಉತ್ತರ ಆಸ್ಟ್ರೇಲಿಯಾದ ಪಶ್ಚಿಮ ಆರ್ನ್‌ಹೆಮ್ ಸೀಮೆಯಲ್ಲಿ 2006ರಿಂದ ಮೂಲನಿವಾಸಿ ಕಾವಲುಗಾರರು ಒಣಗಾಲದ ಮೊದಲಲ್ಲೇ ಹಗುರ ಬೆಂಕಿ ಹಾಕಿ ದೊಡ್ಡ ಕಿಚ್ಚನ್ನು ತಪ್ಪಿಸುತ್ತಿದ್ದಾರೆ. ಅದರಿಂದ ಹೊಮ್ಮದೆ ಉಳಿದ ಹಸಿರುಮನೆ ಅನಿಲಕ್ಕೆ ಡಾರ್ವಿನ್‌ನ ಅನಿಲ ಕಂಪನಿ ದುಡ್ಡು ಕೊಟ್ಟಿದೆ.

ಅಲ್ಲಿ ಸಾಧ್ಯವಾದದ್ದು ಇಲ್ಲೇಕಿಲ್ಲ ಎಂಬುದಕ್ಕೆ ಎಲಿನಾರ್ ಆಸ್ಟ್ರಮ್ ಬಳಿ ಉತ್ತರವಿದೆ. ಹತ್ತಾರು ಜನರಿಗೆ ಸೇರಿದ್ದು ಹಾಳಾಗಿಯೇ ತೀರುತ್ತದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದದ್ದನ್ನು ಲೋಕವೆಲ್ಲ ಒಪ್ಪಿಕೊಂಡಿತ್ತು. ಆಸ್ಟ್ರಮ್ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯನ್ನು ತೋರಿಸಿದರು. ಚಳಿಗಾಲವಿಡೀ ಮೇವು ಹಾಕಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟದ ಗೋಮಾಳಕ್ಕೆ ಅಟ್ಟಬೇಕೆಂದು 1517ರಲ್ಲೇ ಅಲ್ಲಿ ಕಟ್ಟಳೆ ಇತ್ತು. ಇಂಥ ಊರುಗಳನ್ನು ಹೋಲಿಸಿ ಅವರು 1990ರ ಪುಸ್ತಕದಲ್ಲಿ ಎಂಟು ಸೂತ್ರ ಕೊಟ್ಟರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಆ ಎಂಟರಲ್ಲಿ ಏಳನೆಯದು ನಮಗೆ ಬೇಕಾದದ್ದು: ತಮ್ಮ ಕಟ್ಟಳೆಯನ್ನು ತಾವೇ ಮಾಡಿಕೊಳ್ಳುವ ಜನರ ಹಕ್ಕನ್ನು ಸರ್ಕಾರ ಒಪ್ಪಬೇಕು.

ನಮ್ಮಲ್ಲಿ ಅರ್ಧ ಒಪ್ಪಿದ್ದಾರೆ. 2011ರ ಅಕ್ಟೋಬರಿನಲ್ಲಿ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷದ ಆರಂಭದಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯವೂ ಆಗಿತ್ತು. ಸಮುದಾಯ ಅರಣ್ಯವನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನು 2006ರ ಅರಣ್ಯ ಹಕ್ಕು ಕಾಯ್ದೆ ಕೊಡುತ್ತದೆ. ಆದರೆ 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ವನ್ಯಧಾಮಕ್ಕೆ ಅಪಾಯವಾಗುವ ರೀತಿಯಲ್ಲಿ ಯಾರೂ ಬೆಂಕಿ ಹಚ್ಚುವಂತಿಲ್ಲ. ಯಾವ ಬೆಂಕಿಯಿಂದ ಅಪಾಯ, ಯಾವುದರಿಂದ ಇಲ್ಲ ಎಂದು ತೀರ್ಮಾನಿಸುವಾಗ ಸೋಲಿಗರನ್ನು ಕೇಳುವವರಿಲ್ಲ.

ಲಂಟಾನ ಕಿತ್ತ ಕೆಲವು ಎಕರೆಯಲ್ಲಿ ಗ್ರಾಮಸಭೆ, ಇಲಾಖೆ, ಸಂಶೋಧಕರು ಕೂಡಿ ಜನವರಿಯ ತರಗು ಬೆಂಕಿ ಹಾಕಿ, ಪಕ್ಕದಲ್ಲೇ ಬೆಂಕಿ ಹಾಕದ ಅಷ್ಟೇ ನೆಲವನ್ನು ಹೋಲಿಕೆಗೆ ಬಿಟ್ಟು, ಹತ್ತು ವರ್ಷ ಲೆಕ್ಕ ಇಡಲಿ. ಓದುಗರು ಬೆಟ್ಟಕ್ಕೆ ಹೋಗುವಾಗ ಬೆಂಕಿಪೆಟ್ಟಿಗೆ ಮನೆಯಲ್ಲಿಟ್ಟು ಹೋಗಲಿ. ಮತ್ತು ಏಪ್ರಿಲ್ಲಿನಲ್ಲಿ ಹತ್ತಿದ ಕಿಚ್ಚಿಗೆ, ವಿಚಾರಿಸದೆ, ಸೋಲಿಗರ ಹೆಸರು ಹಚ್ಚುವುದು ಬೇಡ.