ಮುಟ್ಟುಕಾಡಿನ ನೌಕಾವಿಹಾರ ಮತ್ತು ಬುತ್ತಿಯೂಟ

ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರಿಗೆ ನೀರಿನ ನೋಟವು ಹೊಸತಲ್ಲ. ಸಂಜೆ ಮರೀನಾ ತೀರದಲ್ಲಿ ನಾಲ್ಕು ಹೆಜ್ಜೆ ನಡೆದು, ಸುಂಡಲ್ ಮೆದ್ದು ಹಿಂತಿರುಗಿದರೆ ಹಲವರ ವಿಹಾರವು ಮುಗಿಯಿತು. ಆದರೆ ಅಲ್ಲಿಯ ಅಲೆಗಳ ಮೇಲೆ ಮಕ್ಕಳು ಮರಿಗಳೊಡನೆ ದೋಣಿಯೇರುವ ಮಾತೇ ಇಲ್ಲ. ಗೆಳೆಯರ ಕುಟುಂಬಗಳೊಡನೆ ಒಂದು ಭಾನುವಾರವನ್ನು ನಿಶ್ಚಿಂತೆಯಿಂದ ನೀರಿನ ಮೇಲೆ ಕಳೆಯಬೇಕೆನ್ನುವವರು ಪೂರ್ವ ಕರಾವಳಿ ರಸ್ತೆಯಲ್ಲಿ ದಕ್ಷಿಣಕ್ಕೆ ಸುಮಾರು 36 ಕಿಲೋಮೀಟರ್ ಸಾಗಿ ಮುಟ್ಟುಕಾಡನ್ನು ಸೇರಬೇಕು.

ಸಮುದ್ರದ ನೀರು ಒಳನುಗ್ಗಿ ಹರಡಿಕೊಂಡಿರುವ ಈ ಹಿನ್ನೀರಿನ ದಂಡೆಯಲ್ಲಿ ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು 1984ರಲ್ಲಿ ದೋಣಿಮನೆಯನ್ನು ತೆರೆಯಿತು. ಹುಟ್ಟುಹಾಕುವ ದೋಣಿ, ಕಾಲಿನಿಂದ ತುಳಿಯುವ ದೋಣಿ, ಯಂತ್ರದ ದೋಣಿ ಎಲ್ಲವೂ ಅಲ್ಲಿವೆ. ವಯಸ್ಸಾದವರಿಗೆ ಹುಟ್ಟಿನ ದೋಣಿಯೇ ಉಚಿತ. ಯಂತ್ರದ ಗದ್ದಲದಲ್ಲಿ ಮಾತೂ ಕೇಳಿಸದು, ಕೊಕ್ಕರೆಗಳೂ ನಿಲ್ಲವು. ನೀರು ಶಾಂತವಾಗಿ ಕಂಡರೂ ತೇಲುಕವಚವನ್ನು ಧರಿಸದೆ ಹತ್ತಲಾಗದು. ಅದನ್ನು ಹೆಗಲಿಗೆ ನೇತುಹಾಕಿಕೊಂಡು ಛಾಯಾಚಿತ್ರಕ್ಕೆ ನಿಲ್ಲುವವರೇ ಹೆಚ್ಚು. ಪಟ್ಟಿಗಳನ್ನು ಬಿಗಿಯದ ಕವಚವು ನೀರಿಗೆ ಬಿದ್ದೊಡನೆ ಮೈಯಿಂದ ಮೇಲಕ್ಕೆ ಜಾರುತ್ತದೆ. ಛಾಯಾಚಿತ್ರಕ್ಕಾಗಿ ಎಲ್ಲರೂ ಒಮ್ಮೆಲೆ ಒಂದೇ ಬದಿಗೆ ಎದ್ದು ನಿಲ್ಲುವುದಂತೂ ದೋಣಿಯನ್ನು ಮಗುಚಲು ಸಾಕಾದಷ್ಟು ಕಾರಣ.

ಈ ಹಿನ್ನೀರನ್ನು ಹಾದುಹೋಗುವ ಬಕಿಂಗ್‌ಹ್ಯಾಮ್ ಕಾಲುವೆಯ ಕಡೆಗೆ ವಿಹಾರಾರ್ಥಿಗಳ ಗಮನವು ಹರಿಯುವುದು ಅಪರೂಪ. ಆಂಧ್ರದ ಪೆದ್ದಗಂಜಾಮಿನಿಂದ ದಕ್ಷಿಣದ ಮರಕ್ಕಾಣದವರೆಗೆ ಸುಮಾರು 420 ಕಿಲೋಮೀಟರ್ ಉದ್ದಕ್ಕೆ, ಕಡಲಿಗೆ ಸಮಾನಾಂತರವಾಗಿ ಸಾಗುವ ಉಪ್ಪುನೀರಿನ ಹಾದಿಯಿದು. 1806ರಲ್ಲಿ ಬೇಸಿಲ್ ಕಾಕ್ರೇನ್ ಎಂಬಾತನು ಮದರಾಸಿನಿಂದ ಎಣ್ಣೂರಿನವರೆಗೆ ತೋಡಿಸಿದ್ದೇ ಇದರ ಆರಂಭ. ಸೌದೆ, ಉಪ್ಪುಗಳನ್ನು ಹೊತ್ತ ದೋಣಿಗಳು ಈ ಮಾರ್ಗವಾಗಿಯೇ ನಗರಕ್ಕೆ ಬರುತ್ತಿದ್ದವು. 1934ರಲ್ಲಿ ತಮಿಳಿನ ಕವಿ ಭಾರತಿದಾಸನ್ ತಮ್ಮ ಗೆಳೆಯರ ಗುಂಪಿನೊಡನೆ ಇದೇ ಕಾಲುವೆಯಲ್ಲಿ ದೋಣಿಯೇರಿ ಮಾಮಲ್ಲಪುರಕ್ಕೆ ಹೋದರು. ಆ ವಿಹಾರವನ್ನು ಕುರಿತ ಅವರ ಕವಿತೆಯಲ್ಲಿ ದೋಣಿಯನ್ನು ಸಾಗಿಸುವ ಶ್ರಮಿಕರ ಬವಣೆಯೂ ಸೇರಿಕೊಂಡಿದೆ.

ಇನ್ನು ಬುತ್ತಿಯ ವಿಚಾರ. ಒಂದು ಕಾಲಕ್ಕೆ ಈ ನಗರದ ಕನ್ನಡಿಗರಿಗೆ ರುಚಿಯ ವಿಳಾಸವೆಂದರೆ ಉಡುಪಿ ಕಡೆಯ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್, ಕಾರಿನಲ್ಲಿಯೇ ಕುಳಿತು ದೋಸೆ ತಿನ್ನಬಹುದಾಗಿದ್ದ ಡ್ರೈವ್-ಇನ್ 1962ರಲ್ಲಿ ತೆರೆದು 2008ರಲ್ಲಿ ಮುಚ್ಚಿತು. ಮುಟ್ಟುಕಾಡಿನ ವಿಹಾರಕ್ಕೆ ಮಾತ್ರ ಮನೆಯ ಬುತ್ತಿಯೇ ಲೇಸು: ಒಬ್ಬರ ಮನೆಯಿಂದ ಪುಳಿಯೋಗರೆ, ಮತ್ತೊಬ್ಬರಿಂದ ಚಪಾತಿ ಎಣ್ಣೆಗಾಯಿ, ಇನ್ನೊಬ್ಬರಿಂದ ಮೊಸರನ್ನ, ಸಂಡಿಗೆ. ಹಿರಿಯರು ಪ್ರಯಾಣಕ್ಕೆ ಪುಳಿಯೋಗರೆಯನ್ನೇ ಆರಿಸಿದ್ದರಲ್ಲಿ ಜಾಣತನವಿದೆ. ಹುಣಸೆಯ ಹುಳಿಯು ಅನ್ನವನ್ನು ಕೆಡಿಸುವ ಜೀವಾಣುಗಳನ್ನು ತಡೆಯುತ್ತದೆ. ಬರಿಯ ಅನ್ನವನ್ನು ಬಿಸಿಯಾಗಿರುವಾಗಲೇ ಬಿಗಿಯಾಗಿ ಮುಚ್ಚಿ ಗಂಟೆಗಟ್ಟಲೆ ಇಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವು ಬೆಳೆದು ಉಂಟುಮಾಡುವ ವಿಷವು ಮತ್ತೆ ಕಾಯಿಸಿದರೂ ಅಳಿಯದು. ತೆಂಗಿನಕಾಯಿ ಚಟ್ನಿಯನ್ನು ಚೆನ್ನೈನ ಸೆಕೆಯಲ್ಲಿ ಒಯ್ಯದಿರುವುದೇ ಕ್ಷೇಮ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ದೋಣಿಯ ಸರದಿಗಾಗಿ ಊಟವನ್ನು ಮುಂದೂಡಬಾರದು. ಬಿಸಿಲಿನಲ್ಲಿ ದೋಣಿ ತುಳಿದ ಮೇಲೆ ರಕ್ತದ ಸಕ್ಕರೆಯು ಕುಸಿದು ಬೆವರು, ನಡುಕ, ತಲೆಸುತ್ತು ಕಾಣಿಸಬಹುದು. ಅಂತಹವರ ಜೇಬಿನಲ್ಲಿ ನಾಲ್ಕು ಸಕ್ಕರೆ ಬಿಲ್ಲೆಗಳಿರಲಿ.

ಇಷ್ಟೆಲ್ಲ ಬಗೆಯ ಬುತ್ತಿಯನ್ನು ಬಿಚ್ಚುವ ಸ್ಥಳದಲ್ಲಿ ಕಾಲುವೆಯ ಇನ್ನೊಂದು ಲೆಕ್ಕವನ್ನೂ ಹೇಳಬೇಕು. ನಗರದೊಳಗೆ ಅಡ್ಯಾರು ಮತ್ತು ಕೂವಂ ನದಿಗಳನ್ನು ಕೂಡಿಸುವ ಎಂಟು ಕಿಲೋಮೀಟರ್ ಭಾಗವನ್ನು 1877-78ರಲ್ಲಿ ತೋಡಿದವರು ಬರಪರಿಹಾರದ ಕೂಲಿಗಳು. ಅಂದಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರು ಇಡೀ ಕಾಲುವೆಗೆ ನಿಂತಿತು. ಮಣ್ಣು ಹೊತ್ತವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ನೆನೆಯುತ್ತಿದ್ದುದು ಇದನ್ನೇ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿ 50 ಲಕ್ಷಕ್ಕೆ ಮೀರಿದ್ದುದು 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಖರ್ಚನ್ನು ತಗ್ಗಿಸಲೆಂದು ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಗೊತ್ತುಮಾಡಿದ ದಿನಗೂಲಿಯು, ದುಡಿಯುವ ಗಂಡಸಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ. ಹೆಂಗಸರು ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಇಷ್ಟನ್ನು ತಿಂದು ಅಗೆಯುವವನ ದೇಹವು ತನ್ನನ್ನೇ ಕರಗಿಸಿಕೊಳ್ಳುತ್ತದೆಂದು ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದರು. ಶಿಬಿರಗಳಲ್ಲಿ ಸಾವುಗಳು ಹೆಚ್ಚಿದ ಮೇಲೆ, ಕೆಲವೇ ತಿಂಗಳುಗಳಲ್ಲಿ ಸರ್ಕಾರವು ಕೂಲಿಯನ್ನು ಏರಿಸಬೇಕಾಯಿತು. ಲೆಕ್ಕಪುಸ್ತಕದಲ್ಲಿ ಉಳಿತಾಯವೆಂದು ಬರೆದುದು ಮನುಷ್ಯರ ಖಾತೆಯಲ್ಲಿ ಎಂತಹ ನಷ್ಟವೆಂಬುದನ್ನು ಒಬ್ಬ ವೈದ್ಯನು ತಕ್ಕಡಿ ಹಿಡಿದು ತೋರಿಸಬೇಕಾಯಿತೆಂಬುದು ವಿಷಾದದ ಸಂಗತಿ.

ಆ ಎಂಟು ಕಿಲೋಮೀಟರಿನಲ್ಲಿ ಇಂದು ದೋಣಿಗಳಿಲ್ಲ. ಚೆಪಾಕಿನಿಂದ ಮೈಲಾಪುರದತ್ತ ಸಾಗುವ ಎತ್ತರದ ರೈಲುಮಾರ್ಗದ ಕಂಬಗಳು ಕಾಲುವೆಯೊಳಗೇ ನಿಂತಿವೆ. ಕೆಳಗೆ ಹರಿಯುವುದು ಚರಂಡಿಯ ನೀರು. ದೋಣಿ ಸಾಗುವ ಕಾಲುವೆಯನ್ನು ಕಾಣಲು ಮುಟ್ಟುಕಾಡಿನವರೆಗೆ ಬರಬೇಕಾಗಿದೆ.

ಊಟದ ತರುವಾಯ ಬಿಸಿಲು ತಗ್ಗುವವರೆಗೆ ಮತ್ತೆ ನೀರಿಗಿಳಿಯದೆ, ಸಮೀಪದಲ್ಲಿಯೇ ಇರುವ ದಕ್ಷಿಣಚಿತ್ರವನ್ನು ನೋಡಬಹುದು. 1996ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ದಕ್ಷಿಣದ ಹಳೆಯ ಮನೆಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಇಳಕಲ್ಲಿನ ನೇಕಾರರ ಮನೆಯೊಂದು ಅಲ್ಲಿದೆ. ಮಕ್ಕಳಿಗೆ ಅದರ ಒಳಹೊಕ್ಕು ತೋರಿಸತಕ್ಕದ್ದು.